ಉಸಿರಿನ ಸದ್ದು: ಒಬ್ಬ ಟೀಚರ್, ಒಂದು ಮ್ಯಾಟ್, ಹದಿಮೂರು ತಿಂಗಳು

"ಕಷ್ಟದ್ದೇ ಹೇಳಿಕೊಡಿ ಮೇಡಂ. ಸುಸ್ತಾಗಿ ಬಿದ್ದು ನಿದ್ದೆ ಮಾಡ್ಬೇಕು, ಅಷ್ಟೇ ನಂಗೆ."

2023ರ ಜನವರಿ. ಇನ್ನೂ ಬೆಳಕು ಹರಿದಿರಲಿಲ್ಲ. ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದ ಮೊದಲ ಮಾತು ಇದು. ವಯಸ್ಸು 46. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾರೆ. ಬಡಾವಣೆಯಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುವುದು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಈ ಬರಹವನ್ನು ಅವರು ಎರಡು ಸಲ ಓದಿ, ಒಂದೆರಡು ಕಡೆ ತಿದ್ದಿ, ಹಾಕಿ ಪರವಾಗಿಲ್ಲ ಎಂದಿದ್ದಾರೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ನಾನು ಮೈಸೂರಿನಲ್ಲಿ ಅಷ್ಟಾಂಗ ವಿನ್ಯಾಸ ಪದ್ಧತಿಯ ಯೋಗ ಕಲಿಸುತ್ತೇನೆ. ಬೆವರು ಹರಿಯುವ ಯೋಗ ಇದು. ದುಃಖದಲ್ಲಿರುವವರು, ನಿದ್ದೆ ಕಳೆದುಕೊಂಡವರು ಇದನ್ನು ಹುಡುಕಿಕೊಂಡು ಬರುವುದು ಜಾಸ್ತಿಯಾಗಿದೆ. ಮೈ ದಣಿದರೆ ಮನಸ್ಸು ಹಗುರಾಗುತ್ತದೆ ಎನ್ನುವ ನಂಬಿಕೆ. ಆ ನಂಬಿಕೆಯಲ್ಲಿ ನಿಜವೂ ಇದೆ, ಅಪಾಯವೂ ಇದೆ. ಎರಡನ್ನೂ ನಾನು ಕಲಿತದ್ದು ಈ ಒಬ್ಬರಿಂದ.

ಬಂದಾಗ ಹೇಗಿದ್ದರು

ಗಂಡ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಆಸ್ಪತ್ರೆಯಲ್ಲಿ ಬೆಡ್ ಸಿಗುವವರೆಗೆ ಮೂರು ದಿನ ಮನೆಯಲ್ಲೇ ಇದ್ದರು. ಟೀಚರ್ ಪಕ್ಕದಲ್ಲಿ ಕೂತು ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡುತ್ತಾ, ಮಗನ ಹಳೇ ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಅಂಕಿ ಬರೆದಿಟ್ಟರು. 91, 88, 88, 86. ಆಂಬುಲೆನ್ಸ್ ಹೋದ ಮೇಲೆ ಇವರಿಗೂ ಪಾಸಿಟಿವ್ ಬಂತು. ಮುಖ ನೋಡಲು ಆಗಲಿಲ್ಲ. ಸಂಸ್ಕಾರವನ್ನು ಮೈದುನ ದೂರದಲ್ಲಿ ನಿಂತು ವಿಡಿಯೋ ಕಾಲ್‌ನಲ್ಲಿ ತೋರಿಸಿದರು.

ಇದ್ಯಾವುದನ್ನೂ ಮೊದಲ ದಿನ ಅವರು ಹೇಳಲಿಲ್ಲ. "ಯಜಮಾನರು ಹೋಗಿಬಿಟ್ರು, ಕೋವಿಡ್‌ನಲ್ಲಿ" ಎಂದಷ್ಟೇ ಹೇಳಿ ಮಾತು ಬದಲಿಸಿದರು. ನಾನೂ ಕೆದಕಲಿಲ್ಲ. ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಕಥೆಯನ್ನೆಲ್ಲ ಅಲ್ಲ. ಉಸಿರಾಟದ ವಿಷಯದಲ್ಲಿ ಏನಾದರೂ ಭಯ ಇದೆಯಾ ಎನ್ನುವ ಒಂದು ಪ್ರಶ್ನೆ ಸಾಕಿತ್ತು.

ಮೈ ಮಾತ್ರ ಎಲ್ಲವನ್ನೂ ಹೇಳುತ್ತಿತ್ತು. ಭುಜ ಎರಡೂ ಕಿವಿಯ ಹತ್ತಿರಕ್ಕೆ ಬಂದುಬಿಟ್ಟಿದ್ದವು. ದವಡೆ ಬಿಗಿದೇ ಇರುತ್ತಿತ್ತು. ಉಸಿರು ಕುತ್ತಿಗೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎದೆ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ ಅನ್ನುತ್ತಿದ್ದರು. ಇಸಿಜಿ, ಥೈರಾಯ್ಡ್, ರಕ್ತ ಪರೀಕ್ಷೆ ಎಲ್ಲ ಆಗಿತ್ತು, ಎಲ್ಲ ಸರಿ ಇತ್ತು. ಇಪ್ಪತ್ತು ತಿಂಗಳಲ್ಲಿ ಒಂದು ಸಲವೂ ಸರಿಯಾಗಿ ಅತ್ತಿರಲಿಲ್ಲ.

ಯಾಕೆ ಕಷ್ಟದ ಅಭ್ಯಾಸವೇ ಬೇಕಾಯಿತು

ಧ್ಯಾನದ ಕ್ಲಾಸಿಗೆ ಆಗಲೇ ಹೋಗಿ ಬಂದಿದ್ದರು. ನಾಲ್ಕು ದಿನಕ್ಕೆ ಬಿಟ್ಟರು. "ಕಣ್ಣು ಮುಚ್ಚಿದ್ರೆ ಅದೇ ರೂಮು ಕಾಣ್ಸತ್ತೆ ಮೇಡಂ." ಸುಮ್ಮನೆ ಕೂರುವುದು ಎಲ್ಲರಿಗೂ ತಂಪು ಅಂದುಕೊಳ್ಳುತ್ತೇವೆ. ಪೆಟ್ಟು ತಿಂದ ಮನಸ್ಸಿಗೆ ಕಣ್ಣು ಮುಚ್ಚಿ ಕೂರುವುದೇ ದೊಡ್ಡ ಶಿಕ್ಷೆ ಆಗಬಹುದು. ಅಂಥವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಕೈಗೆ, ಕಾಲಿಗೆ, ಕಣ್ಣಿಗೆ, ಉಸಿರಿಗೆ ಒಂದೊಂದು ಕೆಲಸ ಬೇಕು.

ಅಷ್ಟಾಂಗ ಪದ್ಧತಿ ಅದನ್ನು ಕೊಡುತ್ತದೆ. ಪ್ರತಿ ಚಲನೆಗೂ ಒಂದು ಉಸಿರು, ಪ್ರತಿ ಉಸಿರಿಗೂ ಒಂದು ಸಂಖ್ಯೆ. ಏಕಂ, ದ್ವೇ, ತ್ರೀಣಿ. ಮೊದಲನೇ ಸೂರ್ಯನಮಸ್ಕಾರಕ್ಕೆ 9 ಎಣಿಕೆ, ಎರಡನೆಯದಕ್ಕೆ 17. ಆಸನದಲ್ಲಿ ನಿಂತರೆ ಐದು ಉಸಿರು. ನೋಟ ಎಲ್ಲಿರಬೇಕು ಎನ್ನುವುದೂ ಗೊತ್ತಾಗಿರುತ್ತದೆ. ಮೂಗಿನ ತುದಿಯೋ, ಹೆಬ್ಬೆರಳೋ, ಹೊಕ್ಕುಳೋ. ಕ್ರಮ ದಿನಾ ಒಂದೇ. ನಾಳೆ ಏನು ಎನ್ನುವ ಪ್ರಶ್ನೆಯೇ ಇಲ್ಲ. ಗಣಿತದ ಟೀಚರಿಗೆ ಇದು ತಕ್ಷಣ ಹಿಡಿಸಿತು. ಎರಡನೇ ವಾರಕ್ಕೇ "ಎಣಿಸ್ತಾ ಇದ್ರೆ ಬೇರೇನೂ ಬರಲ್ಲ" ಎಂದರು.

ಇನ್ನೊಂದು ಅನುಕೂಲವೂ ಇದೆ. ಮೈಸೂರು ಶೈಲಿಯ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಅವರವರ ಹೊತ್ತಿಗೆ ಬಂದು, ಅವರವರಿಗೆ ಹೇಳಿಕೊಟ್ಟಷ್ಟನ್ನು ಅವರವರ ಉಸಿರಿನಲ್ಲಿ ಮಾಡಿ, ಮಲಗಿ ಎದ್ದು ಹೋಗುತ್ತಾರೆ. ಮಾತಿಲ್ಲ. ಹತ್ತು ಜನರ ನಡುವೆ ಒಬ್ಬರೇ ಇರಬಹುದು. ದುಃಖದಲ್ಲಿರುವವರಿಗೆ ಇದು ದೊಡ್ಡ ಆಸರೆ. ಯಾರೂ ಹೇಗಿದ್ದೀರ ಅಂತ ಕೇಳುವುದಿಲ್ಲ, ಆದರೂ ಪಕ್ಕದಲ್ಲಿ ಜನ ಇರುತ್ತಾರೆ.

ಮೈಯೊಳಗೆ ಆಗುವುದು ಇಷ್ಟು. ಸೂರ್ಯನಮಸ್ಕಾರದಲ್ಲಿ ಎದೆಬಡಿತ ಏರುತ್ತದೆ. ಉಸಿರನ್ನು ಉದ್ದಕ್ಕೆ ಬಿಟ್ಟಾಗ ಇಳಿಯುತ್ತದೆ. ಹೊರಗೆ ಬಿಡುವ ಉಸಿರಿನ ಜೊತೆ, ಮೆದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಹೃದಯಕ್ಕೆ ಸ್ವಲ್ಪ ಕಡಿವಾಣ ಹಾಕುತ್ತದೆ. ಎದೆ ಜೋರಾಗಿ ಬಡಿದುಕೊಂಡರೆ ಏನೋ ಕೆಟ್ಟದ್ದಾಗುತ್ತೆ ಎಂದು ಹೆದರಿದ ದೇಹಕ್ಕೆ, ತಾನೇ ಬಡಿತ ಏರಿಸಿ ತಾನೇ ಇಳಿಸಬಹುದು ಎನ್ನುವುದು ದೊಡ್ಡ ಪಾಠ. ಪತಂಜಲಿ ದುಃಖ, ಮನಸ್ಸಿನ ಕುಗ್ಗು, ಮೈ ನಡುಕ, ಉಸಿರಿನ ಏರುಪೇರು ಈ ನಾಲ್ಕನ್ನೂ ಒಂದೇ ಸೂತ್ರದಲ್ಲಿ ಒಟ್ಟಿಗೆ ಇಟ್ಟಿದ್ದಾನೆ. ಟೀಚರನ್ನು ನೋಡುವವರೆಗೆ ಆ ಸೂತ್ರ ನನಗೆ ಬಾಯಿಪಾಠ ಮಾತ್ರ ಆಗಿತ್ತು.

ಆರು ವಾರ ಬರೀ ಸೂರ್ಯನಮಸ್ಕಾರ, ನಿಂತು ಮಾಡುವ ಕೆಲವು ಆಸನ, ಕೊನೆಗೆ ಹತ್ತು ನಿಮಿಷ ಮಲಗುವುದು. ಶನಿವಾರ ರಜೆ, ಅಮಾವಾಸ್ಯೆ ಹುಣ್ಣಿಮೆಗೆ ರಜೆ. ಫೆಬ್ರವರಿ ಕೊನೆಗೆ ರಾತ್ರಿ ಐದು ಗಂಟೆ ನಿದ್ದೆ ಬರತೊಡಗಿತು. ಭುಜ ಕೆಳಗಿಳಿಯಿತು. ಮಗನ ಜೊತೆ ಕೂತು ಊಟ ಮಾಡಿದೆ ಎಂದು ಒಂದು ದಿನ ತಾವಾಗಿಯೇ ಹೇಳಿದರು. ಅಲ್ಲಿಗೆ ಎಲ್ಲ ಚೆನ್ನಾಗಿತ್ತು. ಅಲ್ಲೇ ನಾನು ಇನ್ನಷ್ಟು ದಿನ ನಿಲ್ಲಬೇಕಿತ್ತು.

ಎಡವಿದ್ದು

ಅವರ ಮೈ ಬೇಗ ಒಗ್ಗುತ್ತಿತ್ತು. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರು. ಮಾರ್ಚ್ ತಿಂಗಳಲ್ಲಿ ಕೂತು ಮಾಡುವ ಜಾನುಶೀರ್ಷಾಸನ, ಮರೀಚ್ಯಾಸನ ಹೇಳಿಕೊಟ್ಟೆ. ಏಪ್ರಿಲ್‌ನಲ್ಲಿ ನಾವಾಸನ, ಅದರ ಹಿಂದೆಯೇ ಊರ್ಧ್ವ ಧನುರಾಸನ. ಅಂಗಾತ ಮಲಗಿ, ಕೈ ಕಾಲು ಊರಿ, ಮೈಯನ್ನು ಕಮಾನಿನ ಹಾಗೆ ಎತ್ತುವುದು. ಇಡೀ ಎದೆ ತೆರೆದುಕೊಳ್ಳುತ್ತದೆ. ಮೂರನೇ ಸಲ ಎತ್ತಿ ಇಳಿದವರು ಹಾಗೇ ಮಗ್ಗುಲಾಗಿ ಅಳತೊಡಗಿದರು. ಎರಡು ವರ್ಷದ ಅಳು. ಪಕ್ಕದವರು ಬಂದು ಬೆನ್ನು ಸವರಿದರು. ನಾನು "ಒಳ್ಳೇದೇ ಆಯ್ತು, ಬರಲಿ ಬಿಡಿ" ಎಂದೆ.

ಅಂದು ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು. ಯೋಗ ಕೆಲಸ ಮಾಡಿತು ಅಂದುಕೊಂಡೆ. ನಮ್ಮಲ್ಲಿ ಈ ಮಾತು ಬೇಕಾದಷ್ಟು ಓಡಾಡುತ್ತದೆ. ಸೊಂಟದ ಕೀಲಿನಲ್ಲಿ ದುಃಖ ಕೂತಿರುತ್ತೆ, ಎದೆಯಲ್ಲಿ ಕೂತಿರುತ್ತೆ, ಆಸನ ಅದನ್ನು ಹೊರಗೆ ಹಾಕುತ್ತೆ ಎಂದು. ಆದರೆ ಸ್ನಾಯುವಿನೊಳಗೆ ದುಃಖ ಕೀವಿನ ಹಾಗೆ ತುಂಬಿಕೊಂಡಿರುವುದಿಲ್ಲ. ಹೆದರಿದ ಮೈ ತನ್ನನ್ನು ಕಾಪಾಡಿಕೊಳ್ಳಲು ಬಿಗಿದುಕೊಂಡಿರುತ್ತದೆ. ಆ ಬಿಗಿ ಒಮ್ಮೆಗೇ ಸಡಿಲಾದಾಗ ಅಳು ಬರಬಹುದು. ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿದೆಯೋ ಇಲ್ಲವೋ ಎನ್ನುವುದು ಬೇರೆ ವಿಷಯ. ಅಳು ಬಂತು ಅಂದರೆ ವಾಸಿಯಾಯಿತು ಅಂತಲ್ಲ.

ಟೀಚರ್ ಆ ಅಳುವಿನ ಹಿಂದೆ ಬಿದ್ದರು. ಮೂರು ಧನುರಾಸನ ಆರಾಯಿತು. ಮನೆಯಲ್ಲಿ ಸಂಜೆಯೂ ಮಾಡುತ್ತಿದ್ದರು. ಕೂರುವ ಮೂಳೆಯ ಹತ್ತಿರ ತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡಿತು, ಅದನ್ನೂ ಮುಚ್ಚಿಟ್ಟರು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು ಮತ್ತೆ ಶುರುವಾಯಿತು. "ಇನ್ನೂ ಸ್ವಲ್ಪ ಉಳಿದಿದೆ ಮೇಡಂ, ಅದೂ ಹೊರಗೆ ಬಂದ್ಬಿಟ್ರೆ ಆಯ್ತು" ಎನ್ನುತ್ತಿದ್ದರು. ಆ ಮಾತನ್ನು ಅವರ ತಲೆಗೆ ಹಾಕಿದವಳು ನಾನೇ.

ಮೇ ತಿಂಗಳ ಒಂದು ಶುಕ್ರವಾರ. ಎರಡನೇ ವರ್ಷದ ತಿಥಿ ಕಳೆದು ನಾಲ್ಕು ದಿನ ಆಗಿತ್ತು. ಶುಕ್ರವಾರ ಮಾತ್ರ ನಮ್ಮಲ್ಲಿ ಎಲ್ಲರೂ ಒಟ್ಟಿಗೆ, ನನ್ನ ಎಣಿಕೆಗೆ ಮಾಡುವುದು. ಅಂದು ಹದಿನಾಲ್ಕು ಜನ. ಹೊರಗೆ ಮಳೆ, ಕಿಟಕಿ ಎಲ್ಲ ಮುಚ್ಚಿತ್ತು. ಈ ಪದ್ಧತಿಯಲ್ಲಿ ಗಂಟಲನ್ನು ಸ್ವಲ್ಪ ಕಿರಿದು ಮಾಡಿ ಸದ್ದು ಬರುವ ಹಾಗೆ ಉಸಿರಾಡುತ್ತೇವೆ. ಉಜ್ಜಾಯಿ ಉಸಿರು ಎನ್ನುತ್ತಾರೆ. ಹದಿನಾಲ್ಕು ಜನರ ಉಸಿರು ಆ ಚಿಕ್ಕ ರೂಮಿನಲ್ಲಿ ಅಲೆ ಬಂದು ಹೋದ ಹಾಗೆ ಕೇಳುತ್ತಿತ್ತು. ನನಗೆ ತುಂಬಾ ಇಷ್ಟವಾದ ಸದ್ದು ಅದು. "ಉಸಿರು ಕೇಳಿಸ್ಬೇಕು, ಇನ್ನೂ ಜೋರಾಗಿ" ಎಂದೆ.

ಟೀಚರ್ ಅಧೋಮುಖ ಶ್ವಾನಾಸನದಲ್ಲಿ, ಕೈ ಕಾಲು ಊರಿ ಸೊಂಟ ಮೇಲೆತ್ತಿ, ಹಾಗೇ ನಿಂತುಬಿಟ್ಟಿದ್ದರು. ಎಲ್ಲರೂ ಮುಂದೆ ಹೋದರೂ ಅವರು ಅಲುಗಲಿಲ್ಲ. ಬೆರಳು ಮ್ಯಾಟನ್ನು ಕಚ್ಚಿ ಹಿಡಿದಿದ್ದವು, ಉಗುರು ಬೆಳ್ಳಗಾಗಿತ್ತು. ಎಣಿಕೆ ತಪ್ಪಿತೇನೋ ಅಂದುಕೊಂಡು ನಾನು ಹಿಂದಿನಿಂದ ಹೋಗಿ ಸೊಂಟಕ್ಕೆ ಕೈ ಇಟ್ಟು ಒತ್ತಿದೆ. ಕಿರುಚಿಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಕೂರಿಸಿದೆ. ಕೈ ಐಸಿನ ಹಾಗೆ ತಣ್ಣಗಿತ್ತು. ಕಾಲು ಗಂಟೆ ಮಾತಿಲ್ಲ. ಆಮೇಲೆ ಹೇಳಿದರು. "ಆ ಸದ್ದು ಮೇಡಂ. ಅವರು ಮೂರು ದಿನ ಹಾಗೇ ಉಸಿರಾಡಿದ್ದು. ನಾನು ಪಕ್ಕದಲ್ಲಿ ಕೂತು ಎಣಿಸ್ತಾ ಇದ್ದೆ."

ನಾಲ್ಕು ತಿಂಗಳು ನಾನು ಅವರಿಗೆ ಅದೇ ಸದ್ದನ್ನು ಕಲಿಸುತ್ತಿದ್ದೆ. ಅದನ್ನೇ ಎಣಿಸಲು ಹೇಳುತ್ತಿದ್ದೆ.

ನಡುವೆ ನಿಂತದ್ದು

ಅಂದೇ ಅಭ್ಯಾಸ ನಿಲ್ಲಿಸಿದೆವು. ಇದು ನನ್ನ ಕೈಮೀರಿದ್ದು, ಇದಕ್ಕೆ ಕಲಿತವರು ಬೇಕು ಎಂದೆ. "ನಂಗೇನು ತಲೆ ಕೆಟ್ಟಿದ್ಯಾ?" ಎಂದು ಕೇಳಿದರು. ಸಿಟ್ಟೂ ಬಂತು. ಹತ್ತು ದಿನ ಫೋನ್ ಎತ್ತಲಿಲ್ಲ. ನಾನು 14416, ಟೆಲಿ ಮಾನಸ್‌ನ ನಂಬರು, ಮೆಸೇಜ್ ಮಾಡಿಟ್ಟೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಒಂದು ರಾತ್ರಿ ಎಚ್ಚರವಾದಾಗ ಮಾಡಿದರಂತೆ. ಅಲ್ಲಿಂದ ಮುಂದೆ ಮನೋವೈದ್ಯರ ಹತ್ತಿರ ಹೋದರು, ಆಪ್ತ ಸಮಾಲೋಚಕಿಯ ಹತ್ತಿರವೂ ಹೋದರು.

ವೈದ್ಯರು ಇದನ್ನು ದೀರ್ಘವಾಗಿ ಉಳಿದುಬಿಟ್ಟ ಶೋಕ ಎಂದರು, ಜೊತೆಗೆ ಆ ಮೂರು ದಿನಗಳ ಆಘಾತ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಇಂಥ ಶೋಕಕ್ಕೆ ಪ್ರತ್ಯೇಕ ಹೆಸರೇ ಇದೆ. ಆರು ತಿಂಗಳು ದಾಟಿದರೂ ದಿನದ ಬದುಕು ನಡೆಸಲು ಬಿಡದಂಥ ದುಃಖ ಅದು. ತಮಗೆ ಆಗಿರುವುದಕ್ಕೆ ಒಂದು ಹೆಸರಿದೆ ಎಂದು ಗೊತ್ತಾದದ್ದೇ ಟೀಚರಿಗೆ ಅರ್ಧ ಸಮಾಧಾನ. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡರು. ಆ ನೋಟ್‌ಬುಕ್ಕನ್ನು ಸಮಾಲೋಚಕಿಯ ಮುಂದೆ ಮೊದಲ ಸಲ ತೆರೆದರು.

ಆ ದಿನಗಳಲ್ಲಿ ನಾನು ಓದಿಕೊಂಡೆ. ಅಮೆರಿಕದ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಬೇರೆ ಚಿಕಿತ್ಸೆಗೆ ಬಗ್ಗದ ಹಳೆಯ ಆಘಾತ ಇದ್ದ 64 ಹೆಂಗಸರು. ಹತ್ತು ವಾರ, ವಾರಕ್ಕೊಂದು ತರಗತಿ. ಕೊನೆಗೆ ಯೋಗ ಮಾಡಿದ 31 ಜನರಲ್ಲಿ 16 ಜನರಿಗೆ ಆಘಾತದ ಕಾಯಿಲೆ ಎಂದು ಹೇಳುವಷ್ಟು ಲಕ್ಷಣ ಉಳಿದಿರಲಿಲ್ಲ. ಯೋಗದ ಬದಲು ಆರೋಗ್ಯದ ತಿಳಿವಳಿಕೆ ಪಡೆದ 29 ಜನರಲ್ಲಿ ಹಾಗಾದವರು 6 ಮಂದಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಿಂತ ಅಲ್ಲಿನ ಯೋಗದ ರೀತಿ. ಒತ್ತಾಯ ಇಲ್ಲ. "ಬೇಕಿದ್ದರೆ ಹೀಗೆ ಮಾಡಿ ನೋಡಿ, ಬೇಡವಾದರೆ ಬಿಡಿ" ಎನ್ನುವ ಮಾತು. ಮೈಯಲ್ಲಿ ಏನಾಗುತ್ತಿದೆ ಎಂದು ಗಮನಿಸುವುದು, ಏನು ಮಾಡಬೇಕೆಂದು ತಾನೇ ತೀರ್ಮಾನಿಸುವುದು. ನಮ್ಮ ಕ್ಲಾಸಿನಲ್ಲಿ ತೀರ್ಮಾನವೆಲ್ಲ ನನ್ನದಾಗಿತ್ತು.

ಮೈಸೂರಿನಲ್ಲಿ ಕೂತು ಬರೆಯುವಾಗ ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಇಂಥ ಬಿರುಸಿನ ಅಭ್ಯಾಸ ಕಲಿಸಿದ್ದು ಹೆಚ್ಚಾಗಿ ಹುಡುಗರಿಗೆ. ಅವರ ಶಿಷ್ಯ, ಹಾಸನ ಕಡೆಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಪದ್ಧತಿ ಕಲಿಸುವ ತಮ್ಮ ಸಂಸ್ಥೆ ಶುರು ಮಾಡಿದರು. ಈ ಪದ್ಧತಿಯ ಮೊದಲ ಆಸನ ಸರಣಿಗೆ ಯೋಗ ಚಿಕಿತ್ಸಾ ಎಂದೇ ಹೆಸರು. ಆ ಹೆಸರು ನನಗೆ ಇವತ್ತಿಗೂ ಪ್ರೀತಿಯದು. ಆದರೆ ಆಸನ ಸರಿಪಡಿಸುವ ನೆಪದಲ್ಲಿ ಜೋಯಿಸರು ತಮ್ಮನ್ನು ಮುಟ್ಟಬಾರದ ರೀತಿ ಮುಟ್ಟಿದರು ಎಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದ್ದಾರೆ. ಮೊಮ್ಮಗ ಶರತ್ ಜೋಯಿಸ್ 2019ರಲ್ಲಿ ಅದನ್ನು ತಾವೂ ಕಂಡಿದ್ದಾಗಿ ಬರೆದು, ನೊಂದವರ ಕ್ಷಮೆ ಕೇಳಿದರು. ನನ್ನ ಕೈಯಲ್ಲಿ ಅಂಥ ಉದ್ದೇಶ ಇರಲಿಲ್ಲ. ಆದರೆ ಹಿಂದಿನಿಂದ ಬಂದ, ಕೇಳದೆ ಇಟ್ಟ ಕೈ ಹೆದರಿದ ಮೈಗೆ ಉದ್ದೇಶ ವಿಚಾರಿಸುವುದಿಲ್ಲ. ಅಂದಿನಿಂದ ನಾನು ಕೇಳದೆ ಯಾರನ್ನೂ ಮುಟ್ಟುವುದಿಲ್ಲ.

ಮತ್ತೆ ಶುರು

ಆಗಸ್ಟ್‌ನಲ್ಲಿ ಟೀಚರ್ ವಾಪಸ್ ಬಂದರು. ಸಮಾಲೋಚಕಿಯ ಒಪ್ಪಿಗೆ ಕೇಳಿಯೇ ಬಂದಿದ್ದರು. ಈ ಸಲ ಮೊದಲು ಕೂತು ಮಾತಾಡಿದೆವು. ಹೇಗೆ ಮಾಡೋಣ ಎಂದು ನಾನು ಕೇಳಿದೆ, ಅವರು ಹೇಳಿದರು.

ಮ್ಯಾಟ್ ಬಾಗಿಲ ಪಕ್ಕ. ಬಾಗಿಲು ಅರ್ಧ ತೆರೆದಿರಬೇಕು. ಸದ್ದಿಲ್ಲದ ಉಸಿರು, ಮೂಗಿನಲ್ಲಿ ಬಂದು ಮೂಗಿನಲ್ಲಿ ಹೋಗುವುದು, ಬಿಡುವುದು ಸ್ವಲ್ಪ ಉದ್ದ. ಎಣಿಕೆ ಉಸಿರಿಗಲ್ಲ, ಹೆಜ್ಜೆಗೆ. ಶುಕ್ರವಾರದ ಕ್ಲಾಸು ಬೇಡ. ಕೊನೆಗೆ ಮಲಗುವಾಗ ಕಣ್ಣು ತೆರೆದೇ ಇರಲಿ, ಫ್ಯಾನ್ ನೋಡುತ್ತಾ. ಯಾವಾಗ ಬೇಕಾದರೂ ನಿಲ್ಲಿಸಿ ಹೊರಗೆ ಹೋಗಬಹುದು, ಕಾರಣ ಹೇಳಬೇಕಾಗಿಲ್ಲ. ಈ ಕೊನೆಯ ಮಾತನ್ನು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮೊದಲ ವಾರದಲ್ಲಿ ಮೂರು ದಿನ ಹೊರಗೆ ಹೋದರು. ಹೋಗಿ ನೋಡುತ್ತಿದ್ದರು ಅನಿಸುತ್ತದೆ, ನಿಜವಾಗಿಯೂ ಬಿಡುತ್ತಾರಾ ಅಂತ.

ಕಷ್ಟ ಮಾತ್ರ ಕಡಿಮೆ ಮಾಡಲಿಲ್ಲ, ಅದನ್ನು ಅವರೇ ಬೇಡವೆಂದರು. ಜಾಗ ಬದಲಿಸಿದೆವು. ಎದೆಯಿಂದ ತೆಗೆದು ಕಾಲಿಗೆ ಹಾಕಿದೆವು. ಊರ್ಧ್ವ ಧನುರಾಸನ ಬಿಟ್ಟು, ಭುಜವನ್ನು ನೆಲಕ್ಕೆ ಊರಿ ಸೊಂಟ ಮಾತ್ರ ಎತ್ತುವುದು. ಉತ್ಕಟಾಸನದಲ್ಲಿ, ವೀರಭದ್ರಾಸನದಲ್ಲಿ ಐದು ಉಸಿರಿಗೆ ಬದಲು ಎಂಟು. ಮಂಡಿ ಬಗ್ಗಿಸಿ, ತೊಡೆ ನಡುಗುವವರೆಗೆ ನಿಂತು, ಎದುರಿಗೆ ನೋಡುವುದು. ಹಿಂದಕ್ಕೆ ಬಾಗಿದಾಗ ಅವರಿಗೆ ತಾನು ಯಾವುದಕ್ಕೋ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿತ್ತು. ಇಲ್ಲಿ ಕಾಲು ನೆಲದಲ್ಲಿತ್ತು, ಕಣ್ಣು ಬಾಗಿಲ ಕಡೆ ಇತ್ತು. "ಇದ್ರಲ್ಲಿ ಕಾಲು ನಡುಗತ್ತೆ, ಆದ್ರೆ ಓಡಿಹೋಗ್ಬೇಕು ಅನ್ಸಲ್ಲ" ಎಂದರು.

ತೊಡೆಯ ನೋವು ಮಾಯಲು ನಾಲ್ಕು ತಿಂಗಳು ಹಿಡಿಯಿತು. ನಿದ್ದೆ ಸೆಪ್ಟೆಂಬರ್‌ನಲ್ಲಿ ಐದು ಗಂಟೆಯಷ್ಟು, ನವೆಂಬರ್‌ನಲ್ಲಿ ಆರು ಗಂಟೆಯಷ್ಟು ಬಂತು. ಮಾತ್ರೆಯ ಪಾಲು ಎಷ್ಟು, ಸಮಾಲೋಚನೆಯ ಪಾಲು ಎಷ್ಟು, ಮ್ಯಾಟಿನ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಬಿಡಿಸಬೇಕಾಗಿಯೂ ಇಲ್ಲ. ಅಳು ಆಗಾಗ ಬಂತು, ಹೆಚ್ಚಾಗಿ ಕ್ಲಾಸಿನಲ್ಲಲ್ಲ, ಮನೆಯಲ್ಲಿ. ಒಮ್ಮೆ ಗಂಡನ ಸ್ವೆಟರ್ ಒಗೆಯುವಾಗ. ನಾನು ಅದನ್ನು ಒಳ್ಳೇದು ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಆಮೇಲೆ ಏನು ಮಾಡಿದಿರಿ ಎಂದು ಕೇಳಿದೆ. "ಹಿಂಡಿ ಒಣಗಿಹಾಕ್ದೆ" ಎಂದರು.

ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಕಿಟಕಿ ಮುಚ್ಚಿದ ರೂಮು ಅವರಿಗೆ ಇವತ್ತಿಗೂ ಆಗದು. ಆಂಬುಲೆನ್ಸ್ ಸದ್ದಿಗೆ ಪಾಠ ನಿಂತುಹೋಗುತ್ತದೆ, ಮಕ್ಕಳಿಗೂ ಗೊತ್ತು. ಮೇ ತಿಂಗಳೆಂದರೆ ಭಯ ಇದೆ.

ಈಗ ನಮ್ಮಲ್ಲಿ ಹೊಸಬರು ಬಂದರೆ ಬೆನ್ನು ನೋವು, ಬಿಪಿ ಕೇಳುವ ಹಾಗೆಯೇ ನಿದ್ದೆ, ಭಯ, ಇತ್ತೀಚಿನ ಸಾವುನೋವು ಕೇಳುತ್ತೇನೆ. ಹೇಳಲೇಬೇಕೆಂದಿಲ್ಲ ಎಂದೂ ಹೇಳುತ್ತೇನೆ. ಸಾಯಬೇಕು ಎನ್ನುವ ಯೋಚನೆ ಇರುವವರನ್ನು, ಮೈ ನೋಯಿಸಿಕೊಂಡರೇ ಸಮಾಧಾನ ಎನ್ನುವವರನ್ನು ಮೊದಲು ವೈದ್ಯರ ಹತ್ತಿರ ಕಳಿಸುತ್ತೇನೆ. ಅಂಥವರ ಕೈಗೆ ಬಿರುಸಿನ ಅಭ್ಯಾಸ ಕೊಟ್ಟರೆ ಅದೂ ಒಂದು ಏಟಿನ ಸಾಧನವಾಗಿಬಿಡುತ್ತದೆ. ಟೀಚರಿಗೆ ಏಪ್ರಿಲ್‌ನಲ್ಲಿ ಆದದ್ದು ಅದೇ ಅಲ್ವಾ.

2024ರ ಫೆಬ್ರವರಿಯ ಒಂದು ಶುಕ್ರವಾರ ಅವರು ಹೇಳದೆ ಕೇಳದೆ ಒಟ್ಟು ಕ್ಲಾಸಿಗೆ ಬಂದರು. ಹನ್ನೊಂದು ಜನ ಇದ್ದರು. ಬಾಗಿಲ ಪಕ್ಕ ಮ್ಯಾಟ್ ಹಾಸಿದರು. ನಾನು ಎದ್ದು ಕಿಟಕಿ ಎಲ್ಲ ತೆರೆದೆ. ಯಾರಿಗೂ ಉಸಿರು ಸಣ್ಣದು ಮಾಡಿ ಎಂದು ಹೇಳಲಿಲ್ಲ. ಬೇಡ ಎಂದು ಅವರೇ ಸನ್ನೆ ಮಾಡಿದ್ದರು. ಎರಡನೇ ಸೂರ್ಯನಮಸ್ಕಾರದ ನಡುವೆ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, ಕೊನೆಗೆ ಎಲ್ಲರ ಜೊತೆ ಮಲಗಿದರು.

ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು. "ಹದಿನೇಳರಲ್ಲಿ ಹನ್ನೊಂದರ ತನಕ ಕೇಳಿಸ್ಕೊಂಡೆ ಮೇಡಂ. ಮುಂದಿನ ಶುಕ್ರವಾರ ನೋಡೋಣ."